ಒಂದು ಒದೆತದ ಅಂತರ

2023ನೆಯ ಇಸವಿಯ ಮಾರ್ಚ್ 18, ಶನಿವಾರ ರಾತ್ರಿ. ಬಳ್ಳಾರಿ ನಗರದ ಒಂದು ಬಾಡಿಗೆ ಕೋಣೆಯಲ್ಲಿ ಕಾಲೇಜು ವಿದ್ಯಾರ್ಥಿಗಳಾದ ನಾವು ಮೂವರು ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ಅಂತಿಮ ಪಂದ್ಯವನ್ನು ನೋಡುತ್ತ ಕುಳಿತಿದ್ದೆವು. ನಮ್ಮಲ್ಲಿ ಒಬ್ಬನು ಸಿರುಗುಪ್ಪದವನು, ಇನ್ನೊಬ್ಬನು ಕುರುಗೋಡಿನವನು. ಆಟ ನಡೆದದ್ದು ಗೋವೆಯಲ್ಲಿ. ಬೆಂಗಳೂರಿನ ತಂಡಕ್ಕೆ ಎದುರಾಳಿ ಕಲ್ಕತ್ತೆಯ ಎಟಿಕೆ ಮೋಹನ್ ಬಗಾನ್. ಬೆಂಗಳೂರು ತಂಡದ ಒಡೆಯರ ಉಕ್ಕಿನ ಕಾರ್ಖಾನೆ ನಮ್ಮ ಜಿಲ್ಲೆಯ ತೋರಣಗಲ್ಲಿನಲ್ಲಿರುವುದರಿಂದ, ಆ ತಂಡ ನಮ್ಮದೇ ಎಂಬ ಅಭಿಮಾನ ನಮಗೆ ತುಸು ಹೆಚ್ಚೇ ಇದ್ದಿತು.

ಆಟ 2–2ರಲ್ಲಿ ಸಮವಾಯಿತು. ಆ ನಾಲ್ಕು ಗೋಲುಗಳಲ್ಲಿ ಮೂರು ಪೆನಾಲ್ಟಿಯಿಂದಲೇ ಬಂದವು. ಹೆಚ್ಚುವರಿ ವೇಳೆಯಲ್ಲಿಯೂ ತೀರ್ಮಾನವಾಗದೆ, ಕೊನೆಗೆ ಪೆನಾಲ್ಟಿ ಒದೆತಗಳ ಸರದಿ ಬಂದಿತು. ಬೆಂಗಳೂರಿನ ಮೂರನೆಯ ಒದೆತವನ್ನು ಗೋಲುರಕ್ಷಕ ವಿಶಾಲ್ ಕೈತ್ ತಡೆದನು. ಐದನೆಯದು ಗುರಿ ತಪ್ಪಿತು. ಮೋಹನ್ ಬಗಾನ್ ತನ್ನ ನಾಲ್ಕು ಒದೆತಗಳನ್ನೂ ಗೋಲಾಗಿಸಿ 4–3ರಿಂದ ಗೆದ್ದಿತು.

"ಅವನೊಬ್ಬನಿಂದಲೇ ಸೋತೆವು!" ಎಂದು ಸಿರುಗುಪ್ಪದ ಗೆಳೆಯನು ಕೊನೆಯ ಆಟಗಾರನನ್ನು ಶಪಿಸಿದನು. ನಾವೂ ದನಿಗೂಡಿಸಿದೆವು. ಕುರುಗೋಡಿನ ಗೆಳೆಯನು ಮಾತಾಡದೆ ಎದ್ದು ಹೊರಗೆ ಹೋದನು. ಕೆಲವು ತಿಂಗಳ ಹಿಂದೆ ತರಗತಿಗಳ ನಡುವಿನ ಪಂದ್ಯವೊಂದರಲ್ಲಿ ಇಂಥದೇ ಒದೆತವನ್ನು ಅವನು ತಪ್ಪಿಸಿದ್ದನು. ಆಗ ಒಂದು ವಾರ ನಾವಿಬ್ಬರೂ ಅವನನ್ನು ಮಾತನಾಡಿಸಿರಲಿಲ್ಲ. ಈ ಸಂಗತಿ ನಮಗೆ ಹೊಳೆದದ್ದು ಬಾಗಿಲು ಮುಚ್ಚಿದ ಮೇಲೆ.

ಒದೆತ ತಪ್ಪಿಸುವುದು ಅಷ್ಟು ದೊಡ್ಡ ಅಪರಾಧವೇ? ಮೊದಲು ಒದೆತವನ್ನೇ ಪರೀಕ್ಷಿಸೋಣ. ಚೆಂಡಿನಿಂದ ಗೋಲುಗೆರೆಗೆ ಸುಮಾರು 11 ಮೀಟರು ದೂರ. ಗೋಲಿನ ಅಗಲ 7.32 ಮೀಟರು, ಎತ್ತರ 2.44 ಮೀಟರು. ಚೆಂಡು ಸೆಕೆಂಡಿಗೆ 25 ಮೀಟರು ವೇಗದಿಂದ ಹೊರಟರೆ 0.44 ಸೆಕೆಂಡಿನಲ್ಲಿ ಗೆರೆ ಮುಟ್ಟುತ್ತದೆ. ಕಣ್ಣು ಕಂಡದ್ದಕ್ಕೆ ದೇಹ ಸ್ಪಂದಿಸಲು ತೊಡಗುವುದಕ್ಕೇ ಸುಮಾರು 0.2 ಸೆಕೆಂಡು ಬೇಕು. ಉಳಿದ ಕಾಲದಲ್ಲಿ ಕಂಬದವರೆಗೆ ಹಾರುವುದು ದುಸ್ಸಾಧ್ಯ. ಆದ್ದರಿಂದ ರಕ್ಷಕನು ಎಷ್ಟೋ ವೇಳೆ ಒದೆತಕ್ಕೆ ಮುಂಚೆಯೇ ಒಂದು ದಿಕ್ಕನ್ನು ಊಹಿಸಿ ಹಾರುತ್ತಾನೆ. ಒದೆಯುವವನಾದರೋ ಅವನ ಕೈಗೆ ಸಿಗದಂತೆ ಕಂಬದ ಹತ್ತಿರಕ್ಕೆ ಗುರಿಯಿಡಬೇಕು. ಹತ್ತಿರವಾದಷ್ಟೂ ಹೊರಗೆ ಹೋಗುವ ಭಯ ಹೆಚ್ಚು. ಹೀಗಾಗಿ ನುರಿತ ಆಟಗಾರರ ನಡುವೆಯೂ ಪೆನಾಲ್ಟಿಗಳಲ್ಲಿ ಗೋಲಾಗುವುದು ಸುಮಾರಾಗಿ ನಾಲ್ಕರಲ್ಲಿ ಮೂರು ಮಾತ್ರ.

ಈ ಮುಕ್ಕಾಲು ಪಾಲಿನ ಸಂಭವವನ್ನು ವಾಚಕರು ಮನೆಯಲ್ಲಿಯೇ ಪ್ರಯೋಗಿಸಿ ನೋಡಬಹುದು. ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿರಿ. ಎರಡರಲ್ಲಿಯೂ ಸಿಂಹದ ಮುಖ ಮೇಲೆ ಬಂದರೆ ಒದೆತ ವ್ಯರ್ಥ. ಬೇರೆ ಹೇಗೆ ಬಿದ್ದರೂ ಗೋಲು. ಐದು ಸಲ ಚಿಮ್ಮಿದರೆ ಒಂದು ತಂಡದ ಸರದಿ ಮುಗಿಯಿತು. ಇಂಥ 1024 ಸರದಿಗಳನ್ನು ಆಡಿದರೆ, ಗಣಿತದ ಪ್ರಕಾರ ಸರಾಸರಿ 243ರಲ್ಲಿ ಐದೂ ಗೋಲು, 405ರಲ್ಲಿ ನಾಲ್ಕು, 270ರಲ್ಲಿ ಮೂರು, 90ರಲ್ಲಿ ಎರಡು, 15ರಲ್ಲಿ ಒಂದು, ಒಂದರಲ್ಲಿ ಸೊನ್ನೆ. ಎಂದರೆ ಮೂರು ಅಥವಾ ಅದಕ್ಕಿಂತ ಕಡಿಮೆ ಗೋಲು ಬರುವುದು 376 ಸಲ, ಮೂರರಲ್ಲೊಂದು ಪಾಲಿಗಿಂತ ಹೆಚ್ಚು! ಬೆಂಗಳೂರಿಗೆ ಅಂದು ದೊರೆತದ್ದು ಮೂರು. ಎದುರಾಳಿಗೆ ನಾಲ್ಕಕ್ಕೆ ನಾಲ್ಕು ದೊರೆಯುವ ಸಂಭವ 256ರಲ್ಲಿ 81. ಅದೂ ಅಪರೂಪದ ಮಾತಲ್ಲ. ನಾಣ್ಯಗಳಿಗೆ ಹೇಡಿತನವಿಲ್ಲ, ಅಲಕ್ಷ್ಯವಿಲ್ಲ. ಆದರೂ ಅವು ತಪ್ಪಿಸುತ್ತವೆ.

ಹೀಗಿದ್ದರೂ ಅಲ್ಪ ಅಂತರದ ಸೋಲೇ ನಮ್ಮನ್ನು ಹೆಚ್ಚು ಬಾಧಿಸುವುದೇಕೆ? ಕಾನೆಮನ್, ಟ್ವರ್‌ಸ್ಕಿ ಎಂಬ ಮನೋವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಒಂದು ಪ್ರಶ್ನೆಯಲ್ಲಿ ಇಬ್ಬರು ಪ್ರಯಾಣಿಕರು ವಿಮಾನ ತಪ್ಪಿಸಿಕೊಳ್ಳುತ್ತಾರೆ. ಒಬ್ಬನು ಅರ್ಧ ಗಂಟೆಯಿಂದ, ಮತ್ತೊಬ್ಬನು ಐದು ನಿಮಿಷದಿಂದ. ಹೆಚ್ಚು ಮರುಗುವವನು ಐದು ನಿಮಿಷದವನೇ ಎಂದು ಬಹುತೇಕ ಎಲ್ಲರೂ ಉತ್ತರಿಸಿದರು. ಬಳ್ಳಾರಿಯ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿನ ಹಿಂಬದಿಯನ್ನಷ್ಟೇ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನ ದೃಶ್ಯಗಳನ್ನು ಬಳಸಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಸಂತುಷ್ಟರಾಗಿ ಕಂಡರು. ಬೆಳ್ಳಿಯವನ ಮನಸ್ಸು ಕೈತಪ್ಪಿದ ಚಿನ್ನದ ಕಡೆಗೆ ತಿರುಗಿದರೆ, ಕಂಚಿನವನದು ಪದಕವಿಲ್ಲದೆ ಮರಳಿದವರ ಕಡೆಗೆ. ಸೋತ ಪಂದ್ಯವನ್ನು ನೆನೆಯುವ ಅಭಿಮಾನಿಯೂ ಹೀಗೆಯೇ ಘಟನೆಗಳನ್ನು ಮನಸ್ಸಿನಲ್ಲಿ ತಿದ್ದುತ್ತಾನೆ. ಎರಡು ಗಂಟೆಗಳ ಆಟದಲ್ಲಿ ತಿದ್ದಲು ಅತಿ ಸುಲಭವಾದದ್ದು ಕೊನೆಯ ಒದೆತ. ಆದ್ದರಿಂದ ದೂರೆಲ್ಲ ಅದನ್ನು ಒದೆದವನ ತಲೆಗೆ ಬೀಳುತ್ತದೆ. ಆ ಒದೆತ ಗೋಲಾಗಿದ್ದರೂ ಅಂಕ 4–4 ಆಗುತ್ತಿತ್ತು. ಮೋಹನ್ ಬಗಾನಿಗೆ ಇನ್ನೂ ಒಂದು ಒದೆತ ಉಳಿದಿತ್ತು ಎಂಬುದನ್ನೂ ನಾವು ಅಂದು ಮರೆತಿದ್ದೆವು.

ಎಲ್ಲವೂ ದೈವಯೋಗ, ಅಭ್ಯಾಸ ವ್ಯರ್ಥ ಎಂದು ಯಾರೂ ತಿಳಿಯಬಾರದು. ಮುಕ್ಕಾಲು ಪಾಲಿನ ಸಂಭವವನ್ನು ಅಭ್ಯಾಸದಿಂದ ಐದರಲ್ಲಿ ನಾಲ್ಕಕ್ಕೆ ಏರಿಸಿದರೆ, ಐದೂ ಒದೆತಗಳು ಗೋಲಾಗುವ ಸಂಭವ ನೂರಕ್ಕೆ 24ರಿಂದ 33ಕ್ಕೆ ಏರುತ್ತದೆ. ಏರಿಕೆ ಸಣ್ಣದಲ್ಲ, ಆದರೂ ಮೂರರಲ್ಲಿ ಎರಡು ಸಲ ಯಾರಾದರೊಬ್ಬರು ತಪ್ಪಿಸಿಯೇ ತಪ್ಪಿಸುತ್ತಾರೆ.

ಮರುದಿನ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಕುರುಗೋಡಿನ ಗೆಳೆಯನ ಮುಂದಿಟ್ಟೆವು. ಅವನು ಅದನ್ನು ನಂಬಲಿಲ್ಲ. ಜೇಬಿನಿಂದ ಎರಡು ನಾಣ್ಯ ತೆಗೆದು ತಾನೇ ಚಿಮ್ಮತೊಡಗಿದನು. ಮಧ್ಯಾಹ್ನದ ಊಟದ ಹೊತ್ತಿಗೆ ಗೋಲುಗಳನ್ನು ಎಣಿಸುವ ಕೆಲಸ ಸಿರುಗುಪ್ಪದವನ ಪಾಲಿಗೆ ಬಂದಿತ್ತು.