ಮಗಳು ಕುವೈತ್‌ನಲ್ಲಿ, ಮನೆ ಗುಂಡ್ಲುಪೇಟೆಯಲ್ಲಿ: ತೆರಿಗೆ ಕಟ್ಟೋದು ಯಾರು?



ನರ್ಸ್ ಕೆಲಸ, ಡ್ರೈವರ್ ಕೆಲಸ, ಮನೆಗೆಲಸ ಅಂತ ಹೊರದೇಶಕ್ಕೆ ಹೋದ ಮಕ್ಕಳಿರುವ ಕುಟುಂಬಗಳು ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯೂ ಇವೆ. ಅವರು ದುಡಿದು ಕಳಿಸಿದ ಹಣದಲ್ಲಿ ಊರಲ್ಲಿ ಒಂದು ಮನೆ ಏಳುತ್ತೆ. ಅದನ್ನು ಬಾಡಿಗೆಗೂ ಕೊಡ್ತಾರೆ. ತೆರಿಗೆಯ ಮಾತು ಬಂದಾಗ ಮಾತ್ರ "ಅವಳು ಬಂದಾಗ ನೋಡ್ಕೊಳ್ತಾಳೆ ಬಿಡಿ" ಅನ್ನುತ್ತೇವೆ. ಅವಳು ಬರೋದು ಎರಡು ವರ್ಷಕ್ಕೊಮ್ಮೆ, ಒಂದು ತಿಂಗಳ ರಜೆಗೆ. ಅಷ್ಟರಲ್ಲಿ ಬಾಕಿ ಬೆಳೆದಿರುತ್ತೆ, ಖಾತೆ ಕೆಲಸ ನಿಂತಿರುತ್ತೆ. ಓಡಾಡಬೇಕಾದವರು ವಯಸ್ಸಾದ ತಂದೆ ತಾಯಿ. ಆದ್ದರಿಂದ ಈ ಪಾಠವನ್ನು ಮನೆಯವರೆಲ್ಲ ಕೂತು ಓದಿ.

ಮೊದಲು ತಿಳಿಯಬೇಕಾದ್ದು: ತೆರಿಗೆ ಎರಡು ಬಗೆ. ಮನೆ ತೆರಿಗೆ ಮನೆಯ ಮೇಲೆ. ಒಡೆಯರು ಎಲ್ಲಿದ್ದರೂ ಅದು ತಪ್ಪಲ್ಲ. ಆದಾಯ ತೆರಿಗೆ ವ್ಯಕ್ತಿಯ ಮೇಲೆ. ಅದು ನೀವು ಎಷ್ಟು ದಿನ ಎಲ್ಲಿದ್ದಿರಿ, ಹಣ ಎಲ್ಲಿ ಹುಟ್ಟಿತು ಅಂತ ಕೇಳುತ್ತೆ.

1. ಮನೆ ತೆರಿಗೆ

ಚಾಮರಾಜನಗರದಲ್ಲಿ ನಗರಸಭೆಗೆ, ಗುಂಡ್ಲುಪೇಟೆ ಪಟ್ಟಣದಲ್ಲಿ ಪುರಸಭೆಗೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗೆ ಕಟ್ಟಬೇಕು. ಪಟ್ಟಣಗಳಲ್ಲಿ ಒಡೆಯರೇ ಅಳತೆ, ಬಳಕೆ ಬರೆದು ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ ಇದೆ. ಏಪ್ರಿಲ್ ತಿಂಗಳಲ್ಲೇ ವರ್ಷದ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ. ತಡ ಮಾಡಿದರೆ ದಂಡ ಬೀಳುತ್ತೆ. ಮನೆಗೆ ಬೀಗ ಹಾಕಿದ್ದರೂ ತೆರಿಗೆ ಇದ್ದೇ ಇದೆ. ತಂದೆಯೋ ತಮ್ಮನೋ ಹೋಗಿ ಕಟ್ಟಬಹುದು. ಆದರೆ ರಸೀದಿ ಒಡೆಯರ ಹೆಸರಲ್ಲಿ, ಸರಿಯಾದ ಸ್ವತ್ತಿನ ಸಂಖ್ಯೆಯಲ್ಲಿ ಇರಬೇಕು.

ಹಳ್ಳಿಯ ಸ್ವತ್ತಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇದೆಯೇ ನೋಡಿಕೊಳ್ಳಿ. ನಾಳೆ ಮಾರಾಟ, ಸಾಲ, ವಿಭಾಗ ಏನೇ ಬಂದರೂ ಮೊದಲು ಕೇಳೋದು ಇದನ್ನೇ.

2. ನಿವಾಸಿಯೋ, ಅನಿವಾಸಿಯೋ?

ಆದಾಯ ತೆರಿಗೆ ಪೌರತ್ವ ನೋಡಲ್ಲ, ದಿನ ಎಣಿಸುತ್ತೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರು ನಿವಾಸಿ. ನಮ್ಮದೇ ಜಿಲ್ಲೆಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರಿಗೂ ಇದೇ ಅಳತೆ. ಹೊರದೇಶದಲ್ಲಿ ಕೆಲಸ ಮಾಡುತ್ತಾ ರಜೆಗೆ ಬಂದು ಹೋಗುವ ಭಾರತೀಯರು 182 ದಿನ ಮುಟ್ಟದಿದ್ದರೆ ಸಾಮಾನ್ಯವಾಗಿ ಅನಿವಾಸಿ. ಇಲ್ಲಿನ ಆದಾಯ 15 ಲಕ್ಷ ದಾಟಿದವರಿಗೆ ಮಾತ್ರ ಬೇರೆ ನಿಯಮವಿದೆ.

ಅನಿವಾಸಿಗೆ ಕುವೈತ್‌ನಲ್ಲಿ ದುಡಿದು ಅಲ್ಲೇ ಪಡೆದ ಸಂಬಳದ ಮೇಲೆ ಇಲ್ಲಿ ತೆರಿಗೆ ಇಲ್ಲ. ಆ ಹಣವನ್ನು ಅಪ್ಪ ಅಮ್ಮನಿಗೆ ಕಳಿಸಿದರೆ ಅವರಿಗೂ ತೆರಿಗೆ ಇಲ್ಲ. ಆದರೆ ಗುಂಡ್ಲುಪೇಟೆಯ ಮನೆ ಬಾಡಿಗೆ, ಇಲ್ಲಿನ ಠೇವಣಿಯ ಬಡ್ಡಿ ಇಲ್ಲಿ ಹುಟ್ಟಿದ ಆದಾಯ. ಅದರ ಲೆಕ್ಕ ಇಲ್ಲೇ ಕೊಡಬೇಕು.

ಹೊರಡುವ ವರ್ಷ ಎಚ್ಚರ. ಡಿಸೆಂಬರ್‌ನಲ್ಲಿ ವಿಮಾನ ಹತ್ತಿದವರು ಆ ವರ್ಷ ಎಂಟು ತಿಂಗಳು ಇಲ್ಲೇ ಇದ್ದ ಹಾಗಾಯಿತು. ಅವರು ಆ ವರ್ಷದ ಮಟ್ಟಿಗೆ ನಿವಾಸಿ; ಮಾರ್ಚ್‌ವರೆಗಿನ ಹೊರದೇಶದ ಸಂಬಳವನ್ನೂ ಲೆಕ್ಕದಲ್ಲಿ ತೋರಿಸಬೇಕು.

3. ಒಂದು ಲೆಕ್ಕ ಹಾಕೋಣ

ಮನೆ ಮಗಳ ಹೆಸರಲ್ಲಿದೆ. ತಿಂಗಳ ಬಾಡಿಗೆ 8,000 ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 96,000. ಆಕೆ ಕಟ್ಟಿದ ಮನೆ ತೆರಿಗೆ 3,000 ಕಳೆದರೆ 93,000. ಇದರಲ್ಲಿ ರಿಪೇರಿ ಮುಂತಾದ್ದಕ್ಕೆ ಅಂತ ಕಾನೂನೇ ಶೇ. 30, ಅಂದರೆ 27,900 ಬಿಡುತ್ತೆ. ಉಳಿದದ್ದು 65,100. ಮನೆ ಸಾಲದ ಬಡ್ಡಿಗೂ ನಿಯಮದಂತೆ ಕಡಿತ ಉಂಟು.

ಇಲ್ಲೊಂದು ಗುಟ್ಟಿದೆ. ಮನೆ ತೆರಿಗೆ ಕಳೆಯಬೇಕಾದರೆ ಅದನ್ನು ಆ ವರ್ಷ ನಿಜವಾಗಿ ಕಟ್ಟಿರಬೇಕು. ಬಾಕಿ ಇಟ್ಟದ್ದು ಲೆಕ್ಕಕ್ಕಿಲ್ಲ. ಪುರಸಭೆಯ ಆ ಚಿಕ್ಕ ರಸೀದಿಯೇ ಆದಾಯ ತೆರಿಗೆಯಲ್ಲೂ ಕೈಹಿಡಿಯುತ್ತೆ.

2025-26ರ ಸಾಲಿನಿಂದ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಬೇರೆ ಆದಾಯ ಇಲ್ಲದಿದ್ದರೆ ಈ ಮಗಳು ಕಟ್ಟಬೇಕಾದದ್ದು ಸೊನ್ನೆ. "12 ಲಕ್ಷದವರೆಗೂ ಇಲ್ಲವಂತಲ್ಲ?" ಅಂತ ಕೇಳಬಹುದು. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ, ಅನಿವಾಸಿಗೆ ಸಿಗಲ್ಲ.

4. ಬಾಡಿಗೆದಾರರ ಜವಾಬ್ದಾರಿ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಮನೆಯ ಒಡೆಯರು ಅನಿವಾಸಿಯಾದರೆ, ಬಾಡಿಗೆದಾರರು ಸಾಮಾನ್ಯವಾಗಿ ಬಾಡಿಗೆಯಲ್ಲಿ ಶೇ. 31.2 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದಕ್ಕೆ ಅವರು ಟ್ಯಾನ್ ಸಂಖ್ಯೆ ಪಡೆಯಬೇಕು. ತಿಂಗಳಿಗೆ 50,000ದ ಮಿತಿ ನಿವಾಸಿ ಒಡೆಯರ ಮನೆಗೆ ಮಾತ್ರ. ನಮ್ಮ ಉದಾಹರಣೆಯಲ್ಲಿ ತಿಂಗಳಿಗೆ 2,496, ವರ್ಷಕ್ಕೆ 29,952 ರೂಪಾಯಿ ಹೋಗುತ್ತೆ. ತೆರಿಗೆ ಸೊನ್ನೆಯಾದ್ದರಿಂದ ಅದೆಲ್ಲ ವಾಪಸ್ ಬರಬೇಕಾದ ಹಣ. ಆದರೆ ರಿಟರ್ನ್ ಸಲ್ಲಿಸದೆ ಬರೋದಿಲ್ಲ. ಅನಿವಾಸಿಗೆ ಐಟಿಆರ್-1 ನಡೆಯೋಲ್ಲ. ಬಾಡಿಗೆ, ಬಡ್ಡಿ ಮಾತ್ರ ಇರುವವರಿಗೆ ಐಟಿಆರ್-2. ಸಾಮಾನ್ಯ ಗಡುವು ಜುಲೈ 31. ಮೊದಲೇ ಅರ್ಜಿ ಹಾಕಿ ಕಡಿಮೆ ಕಡಿತದ ಪ್ರಮಾಣಪತ್ರ ಪಡೆಯಲೂ ಅವಕಾಶವಿದೆ.

ಬಾಡಿಗೆಯನ್ನು ಅಪ್ಪನ ಖಾತೆಗೆ ಹಾಕಿಸಿಕೊಂಡರೆ ಆಯಿತಲ್ಲ ಅಂದುಕೊಳ್ಳಬೇಡಿ. ಮನೆ ಯಾರದೋ ಆದಾಯ ಅವರದು. ಮನೆ ತಾಯಿಯದೇ ಆಗಿದ್ದರೆ ಮಾತು ಬೇರೆ. ಆಗ ಬಾಡಿಗೆ ಆಕೆಯ ಆದಾಯ.

5. ಬ್ಯಾಂಕು ಮತ್ತು ಕಾಗದ

ಹೊರದೇಶದಲ್ಲಿ ಕೆಲಸಕ್ಕೆ ನಿಂತ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಬಾಡಿಗೆ ಅದಕ್ಕೇ ಬರಲಿ. ಹೊರದೇಶದ ಸಂಬಳ ಎನ್‌ಆರ್‌ಇ ಖಾತೆಗೆ ಬಂದರೆ ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ.

ಕುವೈತ್, ಸೌದಿ, ದುಬೈಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಇಟಲಿ, ಜರ್ಮನಿ, ಇಂಗ್ಲೆಂಡಿನಲ್ಲಿ ನೆಲೆಸಿದವರು ಮಾತ್ರ ಗುಂಡ್ಲುಪೇಟೆಯ ಬಾಡಿಗೆಯನ್ನು ಅಲ್ಲೂ ತೋರಿಸಬೇಕಾಗಬಹುದು. ಒಂದೇ ಹಣಕ್ಕೆ ಎರಡು ಸಲ ತೆರಿಗೆಯ ಹೊರೆ ಬೀಳದಂತೆ ಭಾರತ ಈ ಮೂರೂ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡಿದೆ. ಅದರ ಉಪಯೋಗಕ್ಕೆ ಇಲ್ಲಿ ಕಟ್ಟಿದ ತೆರಿಗೆಯ ದಾಖಲೆ ಬೇಕು.

ಮನೆಯಲ್ಲಿ ಒಂದು ಫೈಲ್ ಮಾಡಿ: ಕ್ರಯಪತ್ರ, ಖಾತೆ ಪ್ರತಿ, ವರ್ಷವಾರು ಮನೆ ತೆರಿಗೆ ರಸೀದಿ, ಬಾಡಿಗೆ ಕರಾರು, ಪ್ಯಾನ್, ಪಾಸ್‌ಪೋರ್ಟಿನ ಮೊಹರು ಬಿದ್ದ ಪುಟಗಳ ಜೆರಾಕ್ಸ್. 182 ದಿನದ ಲೆಕ್ಕಕ್ಕೆ ಆ ಮೊಹರುಗಳೇ ಸಾಕ್ಷಿ. 2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಯ ದಿನಾಂಕ 2026ರ ಏಪ್ರಿಲ್ 1. ಕಲಂಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ಪುಸ್ತಕ ನಂಬಿ ಫಾರಂ ತುಂಬಬೇಡಿ. ತಿಳಿದ ಆಡಿಟರ್ ಹತ್ತಿರ ತೋರಿಸಿ.

ಯೇಸುಸ್ವಾಮಿ ಕರೆದ ಮತ್ತಾಯನು ಸುಂಕದ ಕಟ್ಟೆಯಲ್ಲಿ ಕೂತಿದ್ದವನು. ತೆರಿಗೆಯ ವಿಷಯ ವಿಶ್ವಾಸಿಗೆ ಹೊರಗಿನದಲ್ಲ. ಕೊಡಬೇಕಾದ್ದನ್ನು ಕೊಡೋದು ಧರ್ಮ. ನಮಗೆ ವಾಪಸ್ ಬರಬೇಕಾದ್ದನ್ನು ಕೇಳಿ ಪಡೆಯೋದೂ ನ್ಯಾಯವೇ. ದೂರದಲ್ಲಿ ದುಡಿಯುವ ಮಗಳ ಒಂದೊಂದು ರೂಪಾಯಿಗೂ ಬೆಲೆ ಇದೆ.

ಸಂಘದ ಸಭೆಯಲ್ಲಿ ಚರ್ಚಿಸಿ

- ನಮ್ಮಲ್ಲಿ ಯಾರ ಮನೆಯವರು ಹೊರದೇಶದಲ್ಲಿದ್ದಾರೆ? ಮನೆ ಯಾರ ಹೆಸರಲ್ಲಿದೆ?
- ಈ ವರ್ಷದ ಮನೆ ತೆರಿಗೆ ಕಟ್ಟಿ ರಸೀದಿ ತಂದಿದ್ದೇವೆಯೇ?
- ಬಾಡಿಗೆ ಯಾವ ಖಾತೆಗೆ ಬರುತ್ತಿದೆ? ಬಾಡಿಗೆದಾರರಿಗೆ ನಿಯಮ ತಿಳಿಸಿದ್ದೇವೆಯೇ?