ಊರಿನ ಮೂರು ದಿನಕ್ಕೂ ಖರ್ಚಿದೆ

‘ಮೈಸೂರಲ್ಲಿ ಎರಡು ದಿನ, ಊರಲ್ಲಿ ಮೂರು ದಿನ. ಊರಿಂದು ಹೇಗೂ ಖರ್ಚಿಲ್ಲ, ಮೈಸೂರಿಗೆ ಎಷ್ಟಾಗುತ್ತೆ ನೋಡಿ.’ ಒಡಹುಟ್ಟಿದವರೆಲ್ಲ ಸೇರಿ ಪ್ರವಾಸ ಹೋಗುವ ಮಾತು ಬಂದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಎಷ್ಟೋ ಮನೆಗಳಲ್ಲಿ ಲೆಕ್ಕ ಶುರುವಾಗುವುದೇ ಹೀಗೆ. ಈ ಲೆಕ್ಕ ತಪ್ಪು. ಮೈಸೂರಿನ ಖರ್ಚಿಗೆ ಬಿಲ್ಲು ಬರುತ್ತದೆ, ಊರಿನ ಖರ್ಚಿಗೆ ಬರುವುದಿಲ್ಲ. ಅದನ್ನು ತೋಟದ ಮನೆಯಲ್ಲಿ ಇರುವವರು ಸದ್ದಿಲ್ಲದೆ ತೆತ್ತಿರುತ್ತಾರೆ.

ತಿಪಟೂರು ತಾಲ್ಲೂಕಿನ ನಮ್ಮ ಮನೆಯನ್ನೇ ನೋಡಿ. ಅಮ್ಮ, ಅಣ್ಣ, ಅತ್ತಿಗೆ ತೋಟದಲ್ಲಿದ್ದಾರೆ. ಅಕ್ಕ ತುಮಕೂರು, ನಾನು ಬೆಂಗಳೂರು, ತಮ್ಮ ಪುಣೆ. ಸಂಕ್ರಾಂತಿ ಹೊತ್ತಿಗೆ ಎಲ್ಲರೂ ಸೇರಿದರೆ ಹದಿನಾಲ್ಕು ಜನ. ಡೇರಿಗೆ ಹೋಗಬೇಕಾದ ಹಾಲು ಮನೆಯಲ್ಲೇ ಉಳಿಯುತ್ತದೆ. ತಿಂಗಳು ಬರಬೇಕಾದ ಸಿಲಿಂಡರ್ ವಾರಕ್ಕೇ ಖಾಲಿ. ಹಿತಕಿದ ಬೇಳೆ ಸಾರು, ಕಾಯಿ ಒಬ್ಬಟ್ಟು ಬೇಕೇ ಬೇಕು. ಅಷ್ಟು ಅವರೆಕಾಯಿ ಬಿಡಿಸಲು, ಪಾತ್ರೆ ತೊಳೆಯಲು ಒಬ್ಬ ಹೆಣ್ಣಾಳು ಬರಬೇಕು. ಕೊನೆಗೆ, ಹೊರಡುವ ದಿನ ಕಾರಿನ ಡಿಕ್ಕಿ.

ಡಿಕ್ಕಿಯ ಲೆಕ್ಕವನ್ನು ಒಮ್ಮೆಯಾದರೂ ಮಾಡಿ ನೋಡಬೇಕು. ಒಂದೊಂದು ಮನೆಗೆ ಸುಲಿದ ಕಾಯಿ ಐವತ್ತು, ಜೊತೆಗೆ ಐದು ಕೆ.ಜಿ. ಉಂಡೆ ಕೊಬ್ಬರಿ ಅಂದುಕೊಳ್ಳಿ. ಕಾಯಿಯ ಗಾತ್ರ ನೋಡಿಕೊಂಡು ಕ್ವಿಂಟಾಲ್ ಕೊಬ್ಬರಿಗೆ ಎಂಟುನೂರರ ಆಸುಪಾಸು ಕಾಯಿ ಬೇಕು. ಧಾರಣೆ ಕ್ವಿಂಟಾಲಿಗೆ 20,000 ರೂಪಾಯಿ ಇದ್ದರೆ ಒಂದು ಕಾಯಿಗೆ 25 ರೂಪಾಯಿ. ಕಾಯಿಯದು 1,250, ಕೊಬ್ಬರಿಯದು 1,000. ಮೂರು ಮನೆಗೆ 6,750 ರೂಪಾಯಿ. ಕೆಡವಿದ ಕೂಲಿ, ಸುಲಿದ ಕೂಲಿ ಬೇರೆ. ಕೊಬ್ಬರಿಯಂತೂ ಸುಮ್ಮನೆ ಆಗುವುದಿಲ್ಲ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇರಬೇಕು. ಒಳಗಿನ ನೀರು ಇಂಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನಬೇಕು. ಆಮೇಲೆ ಒಡೆದು, ಒಣಗಿಸಿ, ದಪ್ಪ ಸಣ್ಣ ಆರಿಸಿ ಚೀಲ ತುಂಬುವುದು. ನಾವು ಡಿಕ್ಕಿಯಲ್ಲಿ ತರುವ ಐದು ಕೆ.ಜಿ. ಅಂದರೆ ಅಣ್ಣ ಅತ್ತಿಗೆ ಒಂದು ವರ್ಷ ಕಾದ ದುಡ್ಡು.

ಹೊರಡುವಾಗ ಕೈಗಿಡಲು ಹೋದರೆ ಅತ್ತಿಗೆ ತೆಗೆದುಕೊಳ್ಳುವವರಲ್ಲ. ‘ಮನೆಮಗಳ ಹತ್ರ ದುಡ್ಡು ಇಸ್ಕಳದಾ? ಜನ ಏನಂದಾರು ಕಣೆ’ ಅಂತ ಸೆರಗಿನೊಳಗೆ ಕೈ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ನಮ್ಮಲ್ಲಿ ಊರಿನ ಖರ್ಚು ಹಬ್ಬಕ್ಕೆ ಹದಿನೈದು ದಿನ ಮೊದಲೇ ಅತ್ತಿಗೆಯ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅಣ್ಣನ ಖಾತೆಗಲ್ಲ, ಅತ್ತಿಗೆಯದಕ್ಕೆ. ಅಡುಗೆಮನೆಯ ಖರ್ಚನ್ನು ನಿಭಾಯಿಸುವವರು ಅವರು.

ಆ ಹಣ ಎಲ್ಲಿಂದ? ಸಂಬಳದ ಮೂರು ಮನೆಯವರು ತಿಂಗಳಿಗೆ 2,500 ರೂಪಾಯಿಯಂತೆ ಹನ್ನೆರಡು ತಿಂಗಳ ಆರ್‌ಡಿ ಕಟ್ಟುತ್ತೇವೆ. ಡಿಸೆಂಬರಿಗೆ 90,000, ಅದರ ಮೇಲೆ ಬಡ್ಡಿ. ಚೀಟಿ ಹಾಕೋಣ ಅಂದವರೂ ಇದ್ದರು. ನಾನು ಒಪ್ಪಲಿಲ್ಲ. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ನೋಂದಣಿಯಾಗದ ಚೀಟಿ ನಡೆಸುವಂತಿಲ್ಲ. ನೋಂದಣಿ ಆದದ್ದೇ ಇರಲಿ, ಬೇಕಾದ ತಿಂಗಳಿಗೆ ಎತ್ತಬೇಕಾದರೆ ಹರಾಜಿನಲ್ಲಿ ಬಿಟ್ಟುಕೊಡಬೇಕು.

ಅಣ್ಣನ ಪಾಲಿನದೇ ಕಷ್ಟದ ಪ್ರಶ್ನೆ. ಅವನಿಗೆ ತಿಂಗಳ ಸಂಬಳವಿಲ್ಲ, ಏನೂ ಕೊಡಬೇಡ ಅಂದರೆ ಒಪ್ಪುವ ಮನುಷ್ಯನೂ ಅಲ್ಲ. ಕೊಬ್ಬರಿ ಧಾರಣೆ ನೋಡಿ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 8,000ದ ಹತ್ತಿರಕ್ಕೆ ಕುಸಿಯಿತು. 2025ರಲ್ಲಿ ಬೆಂಬಲ ಬೆಲೆ 12,100, ಮಾರುಕಟ್ಟೆಯಲ್ಲಿ ಧಾರಣೆ 20,000 ದಾಟಿ ಓಡಿತು. ಎರಡೇ ವರ್ಷದಲ್ಲಿ ಇಷ್ಟು ಏರಿಳಿತ. ಧಾರಣೆ ಏರಿದ ವರ್ಷ ‘ಈ ಸಲ ವಿಮಾನದಲ್ಲೇ ಹೋಗೋಣ’ ಅನ್ನುವುದು, ಬಿದ್ದ ವರ್ಷ ಅಣ್ಣ ಮುಖ ತಪ್ಪಿಸುವುದು, ಎರಡೂ ಆಗಬಾರದು. ಹಾಗಾಗಿ ನಮ್ಮ ಒಪ್ಪಂದ ಇಷ್ಟು: ಅಣ್ಣನ ಪಾಲು ಒಂದು ಕ್ವಿಂಟಾಲ್ ಕೊಬ್ಬರಿ. ಬೆಂಬಲ ಬೆಲೆ, ಅವನು ಮಾರಿದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ನಾಫೆಡ್ ಖರೀದಿ ಕೇಂದ್ರದಲ್ಲಿ ನೋಂದಣಿ, ದಿನಾಂಕ, ಪ್ರಮಾಣದ ಮಿತಿ ಎಲ್ಲ ಇರುವುದರಿಂದ ಬೆಂಬಲ ಬೆಲೆ ಕೈಗೆ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ಧಾರಣೆ ಮೇಲೆ ಹೋದ ವರ್ಷದ ಹೆಚ್ಚಳಕ್ಕೆ ಪ್ರವಾಸ ಕೈಹಾಕುವುದಿಲ್ಲ. ಅದು ತೋಟದ್ದು. ಬಿಳಿ ನೊಣ, ಕಾಂಡ ಸೋರುವ ರೋಗ, ಬತ್ತಿದ ಕೊಳವೆಬಾವಿ, ಇವು ಯಾವಾಗ ಖರ್ಚಿಗೆ ಬರುತ್ತವೋ ಹೇಳಲಾಗದು.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ತೋಟ ಇನ್ನೂ ಪಾಲಾಗದ ಮನೆಗಳಲ್ಲಿ ಹೆಣ್ಣುಮಕ್ಕಳ ಡಿಕ್ಕಿಯ ಕಾಯಿ ಉಡುಗೊರೆಯೋ ಹಕ್ಕೋ ಅನ್ನುವುದು ಯಾರೂ ಬಾಯಿಬಿಡದ ಪ್ರಶ್ನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಪಾಲು ಇದೆಯೆಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಸ್ಪಷ್ಟ ಮಾಡಿದೆ. ಆ ವಿಷಯ ಕಾಗದಪತ್ರ ಇಟ್ಟುಕೊಂಡು ಕೂತು ಮಾತಾಡುವಂಥದ್ದು. ಪ್ರವಾಸದ ಲೆಕ್ಕದಲ್ಲಿ ಬೆರೆಸಿದರೆ ಎರಡೂ ಕೆಡುತ್ತವೆ.

ಮೈಸೂರಿನದು ಸುಲಭ. ದಸರೆಯಲ್ಲಿ ಹೋಗಬೇಡಿ, ಕೊಠಡಿ ಬಾಡಿಗೆ ಆಕಾಶ ಮುಟ್ಟಿರುತ್ತದೆ. ಅರಮನೆಯ ದೀಪ ಭಾನುವಾರ ಸಂಜೆಯೂ ಹತ್ತುತ್ತದೆ, ಮೃಗಾಲಯಕ್ಕೆ ಮಂಗಳವಾರ ರಜೆ. ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಕರ್ನಾಟಕದ ಹೆಂಗಸರಿಗೆ ಉಚಿತ. ಹೆಂಗಸರೇ ಹೆಚ್ಚಿರುವ ಗುಂಪಿಗೆ ಇದು ದೊಡ್ಡ ಉಳಿತಾಯ. ಆದರೂ ಅಮ್ಮನ ಮಂಡಿನೋವಿಗಾಗಿ ನಾವು ಟಿಟಿ (ಟೆಂಪೊ ಟ್ರಾವೆಲರ್) ಮಾಡುತ್ತೇವೆ. ಗಾಡಿಯವರು ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಹಿಡಿಯುತ್ತಾರೆ, ಮೇಲೆ ಡ್ರೈವರ್ ಬಾಟಾ. ಆದ್ದರಿಂದ ಊರಿನ ದಿನಗಳಿಗೆ ಗಾಡಿ ನಿಲ್ಲಿಸಿಕೊಳ್ಳುವುದು ದಂಡ.

ಊರಲ್ಲಿ ನೋಡಲು ಏನಿದೆ ಅಂತ ಮಕ್ಕಳು ಕೇಳುತ್ತಾರೆ. ಅರಳಗುಪ್ಪೆಯ ಕಲ್ಲೇಶ್ವರ ಗುಡಿಯ ಒಳಛಾವಣಿಯ ಭುವನೇಶ್ವರಿಯಲ್ಲಿ ಕುಣಿಯುತ್ತಿರುವ ಶಿವನನ್ನು ಕತ್ತೆತ್ತಿ ನೋಡಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಅದೇ ಊರಿನಲ್ಲಿ ಹೊಯ್ಸಳರ ಚೆನ್ನಕೇಶವನ ಗುಡಿಯೂ ಇದೆ. ತುರುವೇಕೆರೆಯಲ್ಲಿ ಚೆನ್ನಿಗರಾಯ, ಗಂಗಾಧರೇಶ್ವರ. ಎಲ್ಲ ಒಂದೇ ದಿನದಲ್ಲಿ, ಬುತ್ತಿ ಕಟ್ಟಿಕೊಂಡು ಮುಗಿಯುತ್ತದೆ.

ನಮ್ಮ ಪಟ್ಟಿಯಲ್ಲಿ ಮೊದಲ ಸಾಲಿನ ಖರ್ಚು ಕೊಠಡಿಯೂ ಅಲ್ಲ, ಗಾಡಿಯೂ ಅಲ್ಲ. ಹಸು ಕರೆಯುವವರಿಲ್ಲ, ತ್ರೀಫೇಸ್ ಕರೆಂಟು ಬಂದಾಗ ಮೋಟರ್ ಹಾಕುವವರಿಲ್ಲ ಅಂತ ತೋಟದ ಮನೆಯವರಲ್ಲಿ ಒಬ್ಬರು ಹಿಂದೆ ಉಳಿಯುವುದು ರೂಢಿ. ಉಳಿಯುವವರು ಹೆಚ್ಚಾಗಿ ಅತ್ತಿಗೆಯಂದಿರೇ. ನಾವು ಮೈಸೂರಿನ ಎರಡು ದಿನಕ್ಕೆ ಪಕ್ಕದ ತೋಟದ ನಂಬಿಕಸ್ಥರೊಬ್ಬರನ್ನು ಗೊತ್ತುಮಾಡುತ್ತೇವೆ. ದಿನಕ್ಕೆ 800 ರೂಪಾಯಿ, ಕರೆದ ಹಾಲೂ ಅವರಿಗೇ. ಹೊರಡುವ ಹಿಂದಿನ ದಿನ ಅವರು ಬಂದು ಅತ್ತಿಗೆಯ ಜೊತೆ ನಿಂತು ಒಮ್ಮೆ ಹಾಲು ಕರೆಯುತ್ತಾರೆ, ಹಸುವಿಗೆ ಗುರುತಾಗಲಿ ಅಂತ. ಅವರು ಯಾವ ದಿನ ಬರಲು ಆಗುತ್ತದೆ ಅಂತಾರೋ ಆ ದಿನಕ್ಕೇ ಮೈಸೂರಿನ ಕೊಠಡಿ ಕಾಯ್ದಿರಿಸುತ್ತೇವೆ.