ಕೇಬಲ್ ಮತ್ತು ಪೋರ್ಟ್‌ಗಳ ಪರಿಚಯ: ಗಣಕಯಂತ್ರವನ್ನು ಜೋಡಿಸುವ ಪಾಠ

ಬೇಸಿಗೆ ರಜೆಯಲ್ಲಿ ಸುಣ್ಣ ಬಳಿಯುವುದಕ್ಕೋ ಮತಗಟ್ಟೆಗೋ ಗಣಕ ಕೊಠಡಿಯನ್ನು ತೆರವು ಮಾಡಿದಾಗ ಯಂತ್ರಗಳೆಲ್ಲ ಒಂದು ಮೂಲೆ ಸೇರುತ್ತವೆ. ಕೇಬಲ್‌ಗಳು ಒಂದೇ ಗೋಣಿಚೀಲಕ್ಕೆ ಬೀಳುತ್ತವೆ. ಜೂನ್ ತಿಂಗಳಿನಲ್ಲಿ ಆ ಚೀಲವನ್ನು ಬಿಚ್ಚುವ ದಿನವೇ ಈ ಪಾಠಕ್ಕೆ ತಕ್ಕ ದಿನ. ಅಂದು ತಂತ್ರಜ್ಞರಿಗಾಗಿ ಕಾಯದೆ, ವಿದ್ಯಾರ್ಥಿಗಳ ಕೈಯಿಂದಲೇ ಒಂದು ಯಂತ್ರವನ್ನಾದರೂ ಜೋಡಿಸಿಸುವುದು ಒಳಿತು. ಪಾಠ ಮುಗಿಯುವವರೆಗೆ ಗೋಡೆಯ ಸ್ವಿಚ್ ಆರಿರಬೇಕು, ವಿದ್ಯುತ್ ಪ್ಲಗ್ ಹೊರಗಿರಬೇಕು.

ಮೊದಲು ಹೆಸರುಗಳ ಮಾತು. ಕಾಸರಗೋಡಿನ ಕನ್ನಡ ತರಗತಿಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಮನೆಮಾತಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಕೇಬಲ್, ಪೋರ್ಟ್ ಎಂಬ ಮಾತುಗಳನ್ನು ಎಲ್ಲರೂ ಕೇಳಿರುವುದರಿಂದ ಅವನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಆದರೆ ಆಕಾರದ ವರ್ಣನೆ ಕನ್ನಡದಲ್ಲೇ ಬರಲಿ: ಚಪ್ಪಟೆ, ದುಂಡು, ಮೂಲೆ ಕತ್ತರಿಸಿದ್ದು, ಮೇಲೆ ಅಗಲ ಕೆಳಗೆ ಕಿರಿದು. ರೂಢಿಯಲ್ಲಿ ಸಿಪಿಯು ಎಂದು ಕರೆಯುವ ಪೆಟ್ಟಿಗೆಗೆ ‘ಪೆಟ್ಟಿಗೆ’ ಎಂದೇ ಹೇಳಿದರೆ ಸಾಕು. ಸಿಪಿಯು ಎಂಬುದು ಅದರೊಳಗಿನ ಒಂದು ಚಿಪ್‌ನ ಹೆಸರು.

ವಿದ್ಯಾರ್ಥಿಗಳು ಮನಗಾಣಬೇಕಾದ ಮುಖ್ಯ ವಿಷಯ ಇದು: ಬಹುತೇಕ ಪೋರ್ಟ್‌ಗಳು ತಮ್ಮ ಕೇಬಲನ್ನು ಮಾತ್ರ, ಅದೂ ಒಂದೇ ದಿಕ್ಕಿನಲ್ಲಿ, ಒಳಗೆ ಬಿಡುತ್ತವೆ. ಸರಿಯಾದ ಕೇಬಲ್ ಸರಿಯಾದ ದಿಕ್ಕಿನಲ್ಲಿದ್ದರೆ ಬಲ ಬೇಕಾಗುವುದಿಲ್ಲ. ಬಲ ಬೇಕೆನಿಸಿದೊಡನೆ ಕೈ ಹಿಂತೆಗೆದು ಎರಡೂ ತುದಿಗಳನ್ನು ಮತ್ತೊಮ್ಮೆ ನೋಡಬೇಕು.

ಇದನ್ನು ಕಲಿಸಲು ಹಳೆಯ ಮಾನಿಟರಿನ ವಿಜಿಎ ಕೇಬಲ್‌ಗಿಂತ ಉತ್ತಮ ಉಪಕರಣವಿಲ್ಲ. ಐಬಿಎಂ ಸಂಸ್ಥೆ 1987ರಲ್ಲಿ ಹೊರತಂದ ಈ ವ್ಯವಸ್ಥೆ ನಮ್ಮ ಶಾಲೆಗಳಲ್ಲಿ ಇನ್ನೂ ಬಳಕೆಯಲ್ಲಿದೆ. ಅದರ ಪೋರ್ಟಿನಲ್ಲಿ ಐದೈದರಂತೆ ಮೂರು ಸಾಲು, ಒಟ್ಟು 15 ರಂಧ್ರಗಳು. ಕೇಬಲಿನ ತುದಿಯಲ್ಲಿ ಅವುಗಳಿಗೆ ಹೊಂದುವ ಕೂದಲೆಳೆಯಂತಹ ಪಿನ್ನುಗಳು. ಓರೆಯಾಗಿ ಒತ್ತಿದರೆ ಪಿನ್ನು ಬಾಗುತ್ತದೆ. ಮೊದಲ ಮೂರು ಪಿನ್ನುಗಳು ಕ್ರಮವಾಗಿ ಕೆಂಪು, ಹಸಿರು, ನೀಲಿ ಬಣ್ಣಗಳ ಸಂಕೇತವನ್ನು ಒಯ್ಯುತ್ತವೆ. ಮೂರನೆಯದು ಬಾಗಿ ಸಂಪರ್ಕ ತಪ್ಪಿದರೆ ಪರದೆಯ ಬಿಳುಪೆಲ್ಲ ಹಳದಿಯಾಗುತ್ತದೆ. ಕೇಬಲನ್ನು ನೇರವಾಗಿ ಕೂರಿಸಿ, ಇಬ್ಬದಿಯ ತಿರುಪುಗಳನ್ನು ಬೆರಳಿನಿಂದಲೇ ಸರದಿಯಂತೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಒಂದು ವರ್ಷ ಕೇಬಲ್‌ವೊಂದರಲ್ಲಿ 14 ಪಿನ್ನುಗಳನ್ನಷ್ಟೇ ಎಣಿಸಿ, ಅದನ್ನು ಹಿಡಿದಿದ್ದ ಏಳನೆಯ ತರಗತಿಯ ಹುಡುಗನೇ ಮುರಿದನೆಂದು ಗದರಿದೆ. ಅವನು ಎದುರು ಮಾತನಾಡಲಿಲ್ಲ. ಆದರೆ ಆಮೇಲೆ ಬಹಳ ದಿನ ಯಂತ್ರದ ಹತ್ತಿರ ಸುಳಿಯಲಿಲ್ಲ. ಒಂಬತ್ತನೆಯ ಪಿನ್ನು ಇಲ್ಲದೆಯೇ ಅನೇಕ ವಿಜಿಎ ಕೇಬಲ್‌ಗಳು ತಯಾರಾಗುತ್ತವೆಂಬುದು ನನಗೆ ತಿಳಿದದ್ದು ಮತ್ತೊಂದು ಹೊಸ ಕೇಬಲನ್ನು ಎಣಿಸಿದಾಗ. ಆದುದರಿಂದ ಖಾಲಿ ಜಾಗ ಕಂಡಕೂಡಲೇ ಯಾರನ್ನೂ ದೂರಬಾರದು. ಮುರಿದ ಬುಡ ಕಾಣುತ್ತದೆಯೇ ಎಂದು ಮೊದಲು ನೋಡಬೇಕು.

ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಎರಡೂ ಚಪ್ಪಟೆಯಾಗಿ, ದೂರದಿಂದ ಒಂದೇ ಬಗೆಯಾಗಿ ಕಾಣುತ್ತವೆ. ಮೊದಲನೆಯದರ ಕೆಳಗಿನ ಎರಡು ಮೂಲೆಗಳೂ ಒಳಸರಿದಿವೆ; ಎರಡನೆಯದರಲ್ಲಿ ಒಂದೇ ಮೂಲೆ ಕತ್ತರಿಸಿದಂತಿದೆ.

ಇನ್ನು ಆಕಾರವೇ ನಮ್ಮನ್ನು ದಾರಿ ತಪ್ಪಿಸುವ ಸಂದರ್ಭಗಳು. ಪಾಠದ ಹೆಚ್ಚಿನ ವೇಳೆ ಇವಕ್ಕೇ ಮೀಸಲಾಗಲಿ. ಹಳೆಯ ಕೀಲಿಮಣೆ ಮತ್ತು ಮೌಸ್‌ಗಳ ದುಂಡನೆಯ ಪಿಎಸ್/2 ತುದಿಗಳು ಪರಸ್ಪರ ಒಂದರ ಪೋರ್ಟಿಗೆ ಇನ್ನೊಂದು ಸರಾಗವಾಗಿ ಹೋಗುತ್ತವೆ, ಆದರೆ ಕೆಲಸ ಮಾಡುವುದಿಲ್ಲ. ಧ್ವನಿಯ ಮೂರು ಸಣ್ಣ ರಂಧ್ರಗಳೂ ಹಾಗೆಯೇ. ದೂರವಾಣಿಯ ಕಿರಿದಾದ ತುದಿ ನೆಟ್‌ವರ್ಕ್ ಪೋರ್ಟಿನೊಳಗೆ ಕೂರುತ್ತದೆ. ಹಿಂಬದಿಯಲ್ಲಿ ಕಾಣದೆ ತಡಕಾಡುವವರ ಕೈಯಲ್ಲಿ ಯುಎಸ್‌ಬಿ ತುದಿಯೂ ಅದೇ ಪೋರ್ಟಿಗೆ ಹೋಗುವುದುಂಟು. ಪೆಟ್ಟಿಗೆಯ ಕೆಳಭಾಗದಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರಿಗೆ ಎರಡು ಕಡೆ ಪೋರ್ಟ್‌ಗಳಿರುತ್ತವೆ. ಮೇಲಿನದಕ್ಕೆ ಜೋಡಿಸಿ ಪರದೆ ಕಪ್ಪಾಗಿ ಉಳಿದರೆ ಮಾನಿಟರ್ ಕೆಟ್ಟಿತೆಂದು ತೀರ್ಮಾನಿಸದೆ ಕಾರ್ಡಿನ ಪೋರ್ಟಿಗೆ ಬದಲಿಸಿ ನೋಡಬೇಕು.

ಇಂತಹ ಕಡೆ ಬಣ್ಣವು ನೆರವಿಗೆ ಬರುತ್ತದೆ. ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳ ಪಿಸಿ 99 ಎಂಬ ಮಾರ್ಗಸೂಚಿಯಂತೆ ಕೀಲಿಮಣೆಗೆ ನೇರಳೆ, ಮೌಸ್‌ಗೆ ಹಸಿರು, ಸ್ಪೀಕರಿಗೆ ತಿಳಿಹಸಿರು, ಮೈಕ್‌ಗೆ ಗುಲಾಬಿ, ವಿಜಿಎಗೆ ನೀಲಿ. ಆದರೆ ವೇಗದ ಯುಎಸ್‌ಬಿ 3 ಪೋರ್ಟಿನ ಒಳಗೂ ಸಾಮಾನ್ಯವಾಗಿ ನೀಲಿಯೇ ಇರುವುದರಿಂದ ‘ನೀಲಿ ಎಂದರೆ ಮಾನಿಟರ್’ ಎಂದು ಬಾಯಿಪಾಠ ಮಾಡಿಸಬಾರದು. ಕೆಲವು ಮಕ್ಕಳಿಗೆ, ವಿಶೇಷವಾಗಿ ಗಂಡುಮಕ್ಕಳಿಗೆ, ಹುಟ್ಟಿನಿಂದಲೇ ಕೆಂಪು-ಹಸಿರುಗಳ ಭೇದ ಸ್ಪಷ್ಟವಾಗಿ ಕಾಣದು. ಅವರಿಗೆ ಗುಲಾಬಿ, ಹಸಿರುಗಳನ್ನು ಬೇರ್ಪಡಿಸುವುದು ಕಷ್ಟವಾಗಬಹುದು. ಆದುದರಿಂದ ಪೋರ್ಟಿನ ಬದಿಯಲ್ಲಿ ಅಚ್ಚಾಗಿರುವ ಚಿಕ್ಕ ಚಿತ್ರವನ್ನು ಓದಲು ಎಲ್ಲರಿಗೂ ಕಲಿಸಬೇಕು.

ವಿದ್ಯುತ್ ಕೇಬಲನ್ನು ಕೊನೆಗೆ, ಅಧ್ಯಾಪಕರ ಎದುರಿನಲ್ಲಿಯೇ ಜೋಡಿಸತಕ್ಕದ್ದು. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ದಪ್ಪನಾದ, ಉದ್ದನಾದ ಕಡ್ಡಿ ಭೂಸಂಪರ್ಕದ್ದು. ಅದನ್ನು ಬಿಟ್ಟು ಎರಡೇ ಕಡ್ಡಿಗಳ ಪ್ಲಗ್ ಬಳಸುವ ಅಭ್ಯಾಸ ಅಪಾಯಕರ. ಕೆಲವು ಹಳೆಯ ಪೆಟ್ಟಿಗೆಗಳ ಹಿಂದೆ 115 ಮತ್ತು 230 ಎಂದು ಬರೆದ ಕೆಂಪು ಜಾರುಗುಂಡಿ ಇರುತ್ತದೆ. ನಮ್ಮಲ್ಲಿ ಅದು 230ರಲ್ಲೇ ಇರಬೇಕು. ಕುತೂಹಲದ ಬೆರಳು ಅದನ್ನು 115ಕ್ಕೆ ಸರಿಸಿದ್ದರೆ ಸ್ವಿಚ್ ಹಾಕಿದೊಡನೆ ಒಳಗಿನ ವಿದ್ಯುತ್ ಘಟಕ ಸುಟ್ಟುಹೋಗುತ್ತದೆ. ಆ ಗುಂಡಿಯ ಮೇಲೆ ಟೇಪು ಅಂಟಿಸಿಡುವುದು ಕ್ಷೇಮ.

ತುಲಾಮಾಸದ ಸಂಜೆಯ ಗುಡುಗು ಮಿಂಚಿನ ದಿನಗಳಲ್ಲಿ ಶಾಲೆ ಬಿಡುವ ಮೊದಲೇ ವಿದ್ಯುತ್ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ತೆಗೆಯಬೇಕು. ಮಿಂಚಿನ ಆಘಾತ ಆ ದಾರಿಯಿಂದಲೂ ಒಳಬರುತ್ತದೆ. ನೆಟ್‌ವರ್ಕ್ ತುದಿಯ ಸಣ್ಣ ನಾಲಗೆಯನ್ನು ಒತ್ತಿ ಹಿಡಿದು ಎಳೆಯುವ ಕ್ರಮವನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ಮಾಡಿ ತೋರಿಸಲಿ.

ಮೌಲ್ಯಮಾಪನಕ್ಕೆ ಲಿಖಿತ ಪ್ರಶ್ನೆಗಳು ಬೇಡ. ಎಲ್ಲ ಕೇಬಲ್‌ಗಳನ್ನೂ ಮತ್ತೆ ಚೀಲಕ್ಕೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ತೆಗೆದು ಬೆರಳಿನಿಂದಲೇ ಗುರುತಿಸುವಂತೆ ಹೇಳಬೇಕು. ಗುರುತಿಸಿದವರು ಅದಕ್ಕೊಂದು ಕಾಗದದ ಚೀಟಿ ಕಟ್ಟಿ ಕನ್ನಡದಲ್ಲಿ ಹೆಸರು ಬರೆಯಲಿ. ಮುಂದಿನ ಬೇಸಿಗೆಯಲ್ಲಿ ಕೊಠಡಿ ತೆರವಾಗುವಾಗ ಆ ಚೀಟಿಗಳು ಕೇಬಲ್‌ಗಳ ಜೊತೆಯಲ್ಲೇ ಚೀಲ ಸೇರಲಿ.